ಹನುಮಂತಮ್ಮ, ಸಂತಾನವಿಲ್ಲ

ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ತುಮಕೂರಿನ ಠಾಣೆಗೆ ಬಂದ ಲಕ್ಷ್ಮೀನರಸಿಂಹಯ್ಯ ನಿವೃತ್ತ ಗುಮಾಸ್ತರು. ದೂರನ್ನು ಮನೆಯಲ್ಲೇ ನೀಟಾಗಿ ಬರೆದು ತಂದಿದ್ದರು. ಹಿಂದಿನ ದಿನ ಗಂಡ ಹೆಂಡತಿ ಕೋರ ಗ್ರಾಮದಲ್ಲೊಂದು ಗೃಹಪ್ರವೇಶಕ್ಕೆ ಹೋಗಿದ್ದಾಗ ಮನೆಯಲ್ಲಿ ಕಳ್ಳತನವಾಗಿತ್ತು. ಬೀರುವಿನ ಒಡವೆ ಹಾಗೇ ಇತ್ತು. ಹೋದದ್ದು ಕಂಪ್ಯೂಟರಿನ ಮಾನಿಟರ್ ಒಂದೇ.

"ಬರೀ ಮಾನಿಟರ್ರಾ?" ಇನ್ಸ್‌ಪೆಕ್ಟರ್ ವಾಣಿಶ್ರೀ ಕೇಳಿದರು.

"ಹೂಂ ಮೇಡಂ. ಸಿಪಿಯು ಅಲ್ಲೇ ಐತೆ. ನಮ್ಮ ವಂಶವೃಕ್ಷ ಪೂರ್ತಿ ಅದ್ರಲ್ಲೇ ಇರೋದು, ಏಳು ತಲೆಮಾರು! ವೆಬ್‌ಸೈಟಿಗೂ ಹಾಕಿದೀನಿ. ನಾಳೆ ನಮ್ಮೋರಿಗೆಲ್ಲ ಲಿಂಕ್ ಕಳಿಸೋನಿದ್ದೆ."

"ಎಂಥಾ ಪೆದ್ದ ಕಳ್ಳನಪ್ಪ," ಎಂದು ಹೆಡ್ ಕಾನ್‌ಸ್ಟೆಬಲ್ ಅಂಜನಮೂರ್ತಿ ನಕ್ಕ. ವಾಣಿಶ್ರೀಗೂ ನಗು ಬಂತು. ಎಫ್‌ಐಆರ್ ದಾಖಲಾಯಿತು.

ಸ್ಥಳ ಮಹಜರಿನಲ್ಲಿ ಬೀಗ ಒಡೆದ ಗುರುತು ಸಿಗಲಿಲ್ಲ. ಕೀಲಿ ಎಂದಿನಂತೆ ಮೀಟರ್ ಬಾಕ್ಸಿನ ಹಿಂದೆಯೇ ಇತ್ತು.

"ಈ ಜಾಗ ಯಾರ್ಯಾರಿಗೆ ಗೊತ್ತು?"

"ಇಬ್ರಿಗೇ. ಅಮೃತೂರಿನ ನನ್ನ ತಂಗಿ ಹನುಮಂತಮ್ಮ. ಗುಬ್ಬೀಲಿ ನರ್ಸ್ ಆಗಿರೋ ತಂಗಿ ಮಗಳು ಪ್ರೇಮಲತಾ."

ಎದುರು ಮನೆಯ ಕಲ್ಲಮ್ಮ ಮಧ್ಯಾಹ್ನ ಒಬ್ಬ ಹೆಂಗಸು ಗೋಣಿಚೀಲ ಹೊತ್ತು ಹೋದದ್ದನ್ನು ಕಂಡಿದ್ದಳು. "ತಲೆ ಮ್ಯಾಲೆ ಸೆರಗಿತ್ತು ಕಣವ್ವ. ಮುಖ ಕಾಣ್ಲಿಲ್ಲ."

ವಾಣಿಶ್ರೀ ತಮ್ಮ ಫೋನಿನಲ್ಲಿ ವೆಬ್‌ಸೈಟಿನ ವಂಶವೃಕ್ಷ ತೆರೆದರು. ಬದುಕಿರುವವರ ಹುಟ್ಟಿದ ದಿನ, ಫೋನ್ ನಂಬರು, ಕೆಲಸದ ಜಾಗ, ಒಂದನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ.

"ಇವರನ್ನೆಲ್ಲ ಕೇಳಿ ಹಾಕಿದ್ರಾ?"

"ನಮ್ಮೋರನ್ನ ನಾನ್ಯಾಕೆ ಕೇಳ್ಲಿ ಮೇಡಂ?"

ಆ ಮಾತು ವಾಣಿಶ್ರೀಗೆ ಹಿಡಿಸಲಿಲ್ಲ. ಆದರೂ ತನಿಖೆಗೆ ಅನುಕೂಲವಾಯಿತೆಂದು ಮುಂದೆ ಓದಿದರು.

ಒಂದೂವರೆಗೆ ಗುಬ್ಬಿ. ಆಸ್ಪತ್ರೆಯ ಹಜಾರಕ್ಕೆ ಬಂದ ಪ್ರೇಮಲತಾಗೆ ಮೂವತ್ತರ ಮೇಲೊಂದೆರಡು ವಯಸ್ಸು. ಶುಕ್ರವಾರ ಇಡೀ ದಿನ ಡ್ಯೂಟಿಯಲ್ಲಿದ್ದುದಕ್ಕೆ ಹಾಜರಿ ಇತ್ತು. ಇನ್ನು ವಿವರ ಬರೆದುಕೊಳ್ಳುವುದಷ್ಟೇ ಬಾಕಿ.

"ತಾಯಿ ಹೆಸರು, ದಿವಂಗತ ರಂಗಮ್ಮ ಅಲ್ವಾ?"

"ಅಲ್ಲ ಮೇಡಂ, ರಂಗಮ್ಮ ನಮ್ಮ ಚಿಕ್ಕಮ್ಮ. ನಮ್ಮಮ್ಮ ಹನುಮಂತಮ್ಮ."

"ಇಲ್ಲಿ ಹೀಗಿದೆಯಲ್ಲ," ಎಂದು ವಾಣಿಶ್ರೀ ಫೋನ್ ಮುಂದೆ ಹಿಡಿದರು. ತಪ್ಪಿದ್ದರೆ ತಿದ್ದಿಕೊಳ್ಳೋಣವೆಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ರಂಗಮ್ಮನ ಕೆಳಗೆ ಮೂರನೆಯ ಮಗು, ಪ್ರೇಮಲತಾ. ಪಕ್ಕದಲ್ಲಿ: ಹನುಮಂತಮ್ಮ, ಸಂತಾನವಿಲ್ಲ.

ಪ್ರೇಮಲತಾ ಅದನ್ನು ಮತ್ತೆ ಮತ್ತೆ ಓದಿದಳು. "ಹುಟ್ಟಿದ ದಿನ ಸರಿಯಾಗೇ ಇದೆ," ಎಂದಳು. ತಿರುಗಿ ವಾರ್ಡಿನೊಳಗೆ ಹೋದಳು.

ಜೀಪಿನಲ್ಲಿ ಅಂಜನಮೂರ್ತಿ ಮೆಲ್ಲಗೆ ಅಂದ, "ಆಯಮ್ಮಂಗೆ ಗೊತ್ತಿರ್ಲಿಲ್ಲ ಅನ್ಸುತ್ತೆ ಮೇಡಂ."

"ಅಮೃತೂರಿಗೆ ನಡೀರಿ."

ಛೇ, ಎಂಥ ಕೆಲಸ ಮಾಡಿಬಿಟ್ಟೆ ಎಂದು ವಾಣಿಶ್ರೀ ತಮ್ಮನ್ನೇ ಬೈದುಕೊಂಡರು. ಕಳ್ಳರು ಮಾನಿಟರ್ ಒಂದನ್ನೇ ಯಾಕೆ ಒಯ್ದರೆಂಬುದೂ ಈಗ ಹೊಳೆಯಿತು. ಆ ಒಂದು ಸಾಲು ಪ್ರೇಮಲತಾಳ ಕಣ್ಣಿಗೆ ಬೀಳಬಾರದೆಂದು ಯಾರಿಗೋ ಇತ್ತು. ಕಾಣುವುದೆಲ್ಲ ಆ ಪೆಟ್ಟಿಗೆಯೊಳಗೇ ಇದೆಯೆಂದು ಒಯ್ದವರು ನಂಬಿದ್ದರು.

ನಾಲ್ಕು ಗಂಟೆಗೆ ಹನುಮಂತಮ್ಮ ಅಂಗಳದಲ್ಲಿ ತೆಂಗಿನಗರಿ ಸೀಳುತ್ತಿದ್ದರು. ಖಾಕಿ ಕಂಡು ಕತ್ತಿ ಕೆಳಗಿಟ್ಟರು.

"ಅಣ್ಣನ ಮನೆಗೆ ಹೋಗಿದ್ರಾ?"

"ಹೋಗಿದ್ದೆ. ತೋರಿಸ್ತೀನಿ ಬನ್ನಿ."

ತೋಟದಲ್ಲಿ ಒಂದು ತೆಂಗಿನ ಬುಡ ಅಗೆದಾಗ ಹಳೇ ಸೀರೆಯಲ್ಲಿ ಸುತ್ತಿದ ಮಾನಿಟರ್ ಸಿಕ್ಕಿತು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಪಂಚರು ಸಹಿ ಹಾಕಿ ಹೋದಮೇಲೆ ವಾಣಿಶ್ರೀ ಕೇಳಿದರು, "ಯಾಕಮ್ಮ?"

"ನನ್ ತಂಗಿ ರಂಗಿ ಬಾಣಂತನದಲ್ಲೇ ಆ ಕೂಸನ್ನ ನನ್ನ ಮಡ್ಲಿಗೆ ಹಾಕಿದ್ಲು. ಬಾಯಿ ಬಿಡಬಾರ್ದು ಅಂತ ಅಣ್ಣನೂ ಸೇರಿ ಮೂವರೂ ದೇವ್ರ ಮುಂದೆ ಆಣೆ ಮಾಡಿದ್ವಿ. ಈಗ ಅದೇ ಅಣ್ಣ ಆ ಪೆಟ್ಗೇಲಿ ತೋರಿಸಿ, ಓದಿ ಹೇಳ್ದ. ಭಾನುವಾರ ಎಲ್ರಿಗೂ ಕಳಿಸ್ತೀನಿ ಅಂದ. ಅಳಿಸ್ಬುಡಣ್ಣ ಅಂತ ಕಾಲು ಹಿಡ್ಕೊಂಡೆ. ಇರೋದನ್ನ ತಾನೆ ಬರ್ದಿರೋದು ಅಂದ." ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನೇ ಹೇಳ್ತಿದ್ದೆ ಕಣವ್ವ ಅವ್ಳಿಗೆ. ಪಕ್ಕದಲ್ಲಿ ಕೂರಿಸ್ಕೊಂಡು ನಾನೇ ಹೇಳ್ಬೇಕಿತ್ತು."

ವಾಣಿಶ್ರೀ ಏನೂ ಬರೆದುಕೊಳ್ಳಲಿಲ್ಲ.

"ಇನ್ನ ಯಾರ್ಗೂ ಕಾಣಾಕಿಲ್ಲ ಅಲ್ವಾ? ನನ್ ಮಗಳು ನೋಡಿಲ್ಲ ತಾನೆ?"

ಹದಿನಾರು ವರ್ಷದ ಸರ್ವಿಸಿನಲ್ಲಿ ವಾಣಿಶ್ರೀ ಪ್ರಶ್ನೆ ಕೇಳಿದ್ದೇ ಹೆಚ್ಚು. ಈಗಲೂ ಅದೇ ದಾರಿ ಹಿಡಿದರು. "ದಸ್ತಗಿರಿ ಆಗಿದೆ ಅಂತ ಯಾರಿಗಾದ್ರೂ ತಿಳಿಸ್ಬೇಕು. ಯಾರಿಗೆ ಹೇಳ್ಲಿ?" ಎಂದಷ್ಟೇ ಕೇಳಿದರು.

"ಇನ್ಯಾರಿಗೆ, ನನ್ ಮಗಳಿಗೆ. ನಂಬರ್ ನಂಗೆ ಬರಾಕಿಲ್ಲ."

ನಂಬರು ವಾಣಿಶ್ರೀ ಬಳಿ ಇತ್ತು, ಅದೇ ವಂಶವೃಕ್ಷದಲ್ಲಿ. ಹೆಂಗಸಿನ ದಸ್ತಗಿರಿಯಾದ್ದರಿಂದ ಹೊತ್ತು ಮುಳುಗುವುದರೊಳಗೆ ಠಾಣೆ ಸೇರಬೇಕಿತ್ತು. ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ಪೂರ್ತಿ ರಿಂಗಾಗಿ ನಿಂತಿತು.

"ಡ್ಯೂಟೀಲಿರ್ತಾಳೆ ಕಣವ್ವ. ಬಿಡುವಾದ್ರೆ ಅವ್ಳೇ ಮಾಡ್ತಾಳೆ," ಎನ್ನುತ್ತಾ ಹನುಮಂತಮ್ಮ ಜೀಪು ಹತ್ತಿದರು.