ನೋಂದಣಿಯಾಗದ ಕ್ರಯಪತ್ರ

ಟ್ರಕ್ಕು ಎರಡನೇ ಸಲ ಗುದ್ದಿತು!

ಕಾರು ಪಕ್ಕದ ಲೇನಿಗೆ ನುಗ್ಗಿತು. ಯಾರೋ ಹಾರ್ನ್ ಒತ್ತಿ ಹಿಡಿದರು...

"ಸೀಟ್ ಬೆಲ್ಟ್ ಹಾಕಿದೀರಾ?" ಸ್ಟಿಯರಿಂಗ್ ಹಿಡಿದೇ ಕೂಗಿದೆ.

"ನೀನು ರೋಡ್ ನೋಡು, ಮಗಳೇ!" ಅಂದರು ಅರ್ಲೀನ್.

ಕಪ್ಪು ಅಮೆರಿಕನ್ ಹೆಂಗಸು. ಎಪ್ಪತ್ತೆಂಟು ವರ್ಷ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ. ಚೀಲದೊಳಗೆ 1946ರ ಕ್ರಯಪತ್ರ. ಇದು 2008ರ ಮಾತು.

ನೋಂದಣಿ ಕಚೇರಿ ಮುಚ್ಚುವುದು ನಾಲ್ಕೂವರೆಗೆ. ಆಗ ನಾಲ್ಕು ದಾಟಿ ಐದು ನಿಮಿಷ.

ನಾನು ಯಾರು ಅಂತ ಕೇಳ್ತೀರಾ? ರುಮಾನಾ, ಮೈಸೂರಿನವಳು. ಸಿಯಾಟಲ್‌ನಲ್ಲಿ ಜಾಗ ಕೊಳ್ಳುವವರಿಗಾಗಿ ಹಳೇ ದಾಖಲೆ ಜಾಲಾಡುವುದು ನನ್ನ ಕೆಲಸ. ಈ ಸಲದ ಗಿರಾಕಿ ಪಕ್ಕದೂರು ಬೆಲ್‌ವ್ಯೂನ ಬಿಲ್ಡರ್ ಅನಂತಪದ್ಮನಾಭ. ಜಾಗ ಊರಿನ ದಕ್ಷಿಣಕ್ಕೆ ಟಕ್ವಿಲಾ ಕಡೆ, ನದಿಯ ದಂಡೆಯಲ್ಲಿ. ಅಲ್ಲಿ ಅರ್ಲೀನ್‌ರ ತಗಡಿನ ಮನೆ. ಸುತ್ತ ಹನ್ನೊಂದು ಟೆಂಟು, ಅವರು ಕರೆದು ಜಾಗ ಕೊಟ್ಟ ನಿರ್ಗತಿಕರದು.

"ಎಲ್ಲಾ ಒತ್ತುವರಿ ಕಣಮ್ಮ. ಅವರ ಹತ್ರ ಕಾಗದ ಇಲ್ಲ ಅಂತ ಬರ್ಕೊಡು ಸಾಕು" ಅಂದಿದ್ದರು ಅನಂತ ಸರ್.

ಕಾಗದ ಇತ್ತು!

ಅರ್ಲೀನ್‌ರ ಅಪ್ಪ ಕೊಂಡ ಜಾಗ ಅದು. ಮಾರಿದ ಬಿಳಿಯನು ಸಹಿಯನ್ನೂ ಹಾಕಿದ್ದ. ಆದರೆ ಆ ಬಡಾವಣೆಯ ಕರಾರಿನಲ್ಲಿ ಒಂದು ಸಾಲು... ಬಿಳಿಯರಲ್ಲದವರು ಇಲ್ಲಿ ಜಾಗ ಕೊಳ್ಳಕೂಡದು, ವಾಸಿಸಕೂಡದು. ನೋಂದಣಿಗೆ ಹೋದರೆ ನೆರೆಯವರಿಗೆ ತಿಳಿಯುತ್ತದೆ. ಕೋರ್ಟಿಗೆ ಎಳೆದು ಎಬ್ಬಿಸುತ್ತಾರೆ. ಅಪ್ಪ ಕಾಗದ ಬಚ್ಚಿಟ್ಟ. ಕಾನೂನು ಬದಲಾದ ಮೇಲೂ ಮಗಳು ಅದನ್ನು ಹೊರಗೆ ತೆಗೆಯಲಿಲ್ಲ.

ಈಗ ಆ ಬಿಳಿಯನ ಮೊಮ್ಮಕ್ಕಳು ಅದೇ ಜಾಗವನ್ನು ಅನಂತ ಸರ್‌ಗೆ ಮಾರಿದ್ದಾರೆ. ಇಲ್ಲಿನ ಕಾನೂನಿನಲ್ಲಿ, ಹಳೇ ವ್ಯವಹಾರ ತಿಳಿಯದೆ ಕೊಂಡವನು ಮೊದಲು ನೋಂದಾಯಿಸಿದರೆ ಜಾಗ ಅವನದೇ.

ಫೋನ್ ಬಡಿದುಕೊಂಡಿತು.

"ಏನಮ್ಮಾ ರುಮಾನಾ, ಯಾರ ಕಡೆ ಕೆಲಸ ಮಾಡ್ತಿದೀಯ?"

"ನಿಮ್ಮ ಟ್ರಕ್ ವಾಪಸ್ ಕರೆಸಿ, ಸರ್!"

"ನನ್ನ ಲಾಯರ್ ರಿಜಿಸ್ಟ್ರೇಷನ್ ಕ್ಯೂನಲ್ಲಿ ನಿಂತಾಯ್ತು. ಆ ಮುದುಕಿ ಇರೋದೇ ನಂಗೆ ಗೊತ್ತಿರ್ಲಿಲ್ಲ. ಹಾಗೇ ಹೇಳ್ತೀನಿ."

"ಭೂಮಿಪೂಜೆ ಮಾಡಿದ್ರಲ್ಲ?"

"ಹೂಂ. ಮುಹೂರ್ತ ತಪ್ಪಿದ್ರೆ ಆಮೇಲೆ ಆಷಾಢ. ಅದಕ್ಕೇ ರಿಜಿಸ್ಟ್ರೇಷನ್‌ಗೂ ಮುಂಚೆ..."

"ಫೋಟೋ ನಮಗೆಲ್ಲಾ ಈಮೇಲ್ ಮಾಡಿದ್ರಿ. ನಿಮ್ಮ ಹಿಂದೆ ಅವರ ಮನೆ. ಪಕ್ಕದಲ್ಲಿ ಅವರೇ, ಕೈಯಲ್ಲಿ ಕೋಸಂಬರಿ ದೊನ್ನೆ. ಕೊಡ್ತಿರೋರು ನೀವು!"



"ನಮ್ಮ ಜನಾನೇ ಹಿಂಗೆ ಮಾಡ್ಬಿಟ್ರೆ..." ಅಂದರು. ಮತ್ತೆ ದನಿ ಬದಲಿಸಿ ಕೇಳಿದರು. "ಅವಳು ಈಗ ನಿನ್ನ ಕಾರಲ್ಲಿದಾಳೆ ಅಲ್ವಾ?"

ಲೈನ್ ಕಟ್ಟಾಯಿತು.

ಆ ಪ್ರಶ್ನೆಯ ಅರ್ಥ ನನಗೆ ಹೊಳೆಯಲೇ ಇಲ್ಲ. ನನ್ನ ಕಣ್ಣು ಕನ್ನಡಿಯ ಮೇಲಿತ್ತು. ಟ್ರಕ್ಕು ಮತ್ತೆ ಹತ್ತಿರ... ಇನ್ನೂ ಹತ್ತಿರ...

ಎಕ್ಸಿಟ್ ತಪ್ಪಿಹೋಗುವ ಕ್ಷಣದಲ್ಲಿ ಸ್ಟಿಯರಿಂಗ್ ಬಲಕ್ಕೆ ಎಳೆದೆ!

ಟ್ರಕ್ಕು ನೇರ ಹೋಯಿತು.

ಕಚೇರಿಯೊಳಗೆ ಕಾಲಿಟ್ಟಾಗ ನಾಲ್ಕು ಇಪ್ಪತ್ತಾರು. ಲಾಯರ್ ಕೆಲಸ ಮುಗಿಸಿ ಹೊರಟಿದ್ದ. ಇರಲಿ. ಅರ್ಲೀನ್ ಅಲ್ಲಿರುವುದು ಅನಂತ ಸರ್‌ಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಪೂಜೆಯ ಫೋಟೋ ಸಾಕ್ಷಿ; ಅದರ ಮುಂದೆ ಆ ನೋಂದಣಿ ನಿಲ್ಲುವುದಿಲ್ಲ. ಅರ್ಲೀನ್‌ರ ಕ್ರಯಪತ್ರದ ಮೇಲೂ ಮುದ್ರೆ ಬಿತ್ತು. ಅರವತ್ತೆರಡು ವರ್ಷ ಕಾದ ಮುದ್ರೆ! ಅವರು ಅದರ ಮೇಲೆ ಹೆಬ್ಬೆರಳಿಟ್ಟು ಶಾಯಿ ಒಣಗಿದೆಯಾ ಅಂತ ನೋಡಿದರು.

ನದಿ ದಂಡೆಗೆ ವಾಪಸಾದಾಗ ಇನ್ನೂ ಬಿಸಿಲಿತ್ತು.

ಮನೆ ಇರಲಿಲ್ಲ.

ಬುಲ್ಡೋಜರ್ ಪಕ್ಕ ಅನಂತ ಸರ್ ಕಡೆಯ ಸೈಟ್ ಸೂಪರ್‌ವೈಸರ್ ಸುರೇಶ್ ನಿಂತಿದ್ದ. ತಗಡು ಮಡಚಿ ಬಿದ್ದಿತ್ತು. ಟೆಂಟುಗಳು ಹಾಗೇ ಇದ್ದವು; ಅಲ್ಲಿನವರು ಮಣ್ಣಿನಿಂದ ಅರ್ಲೀನ್‌ರ ಪಾತ್ರೆ ಹೆಕ್ಕುತ್ತಿದ್ದರು.

"ಒಳಗೆ ಯಾರೂ ಇರ್ಲಿಲ್ಲ ಮೇಡಂ. ಮೂರು ಸಲ ಕೂಗಿ ನೋಡ್ದೆ," ಅಂದ. ಮುಖ ನೋಡಲಿಲ್ಲ.

ಹೌದು. ಇರಲಿಲ್ಲ. ಕರೆದುಕೊಂಡು ಹೋದವಳು ನಾನೇ. ಅನಂತ ಸರ್ ಫೋನಲ್ಲಿ ಕೇಳಿ ಖಚಿತ ಮಾಡಿಕೊಂಡದ್ದೂ ಅದನ್ನೇ. ಅರವತ್ತೆರಡು ವರ್ಷ ಅವರು ಆ ಮನೆಯನ್ನು ಉಳಿಸಿಕೊಂಡದ್ದು ಒಳಗೆ ಕೂತು...

"ಕ್ಷಮಿಸಿ," ಅಂದೆ.

ಅರ್ಲೀನ್ ಅಳಲಿಲ್ಲ. ಮನೆಯಿದ್ದ ಕಡೆ ನಡೆದು ಹೋದರು. ಚೀಲವನ್ನು ಎದೆಗೊತ್ತಿಕೊಂಡು ಕಾಲಲ್ಲಿ ಮಣ್ಣು ಒತ್ತಿ ನೋಡಿದರು. ಒಮ್ಮೆ. ಇನ್ನೊಮ್ಮೆ.

"ನೆಲ ಚೆನ್ನಾಗೇ ಸಮ ಮಾಡಿದಾರೆ," ಅಂದರು. "ಹನ್ನೆರಡನೇ ಟೆಂಟ್ ಇಲ್ಲೇ ಹಾಕೋಣ."