ಸರ್ಚ್ ಸೇರಿಸಿದ ಹೆಸರು

೧೯೯೯ರಲ್ಲಿ ಮೆಟ್ಟೂರಿನಲ್ಲಿ ನಾನು ಇಂಟರ್‌ನೆಟ್ ಸೆಂಟರ್ ನಡೆಸುತ್ತಿದ್ದೆ. ಒಂದು ಮಧ್ಯಾಹ್ನ ಕೊಳತ್ತೂರಿನ ಚಿಕ್ಕತಾಯಮ್ಮ ಬಂದು, "ಮಗೀಗೆ ಮಂಡಿನೋವು ಕಣಪ್ಪಾ, ಮಾತ್ರೆಗೂ ಬಗ್ತಿಲ್ಲ. ಇದ್ರಾಗೆ ನೋಡು" ಎಂದರು.

ನಾನು ಅದನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಅರ್ಥದಲ್ಲಿ ಹತ್ತಿರವಾದ ಪದಗಳನ್ನು ತಾನೇ ಸೇರಿಸಿಕೊಂಡು ಹುಡುಕುವುದು ಆ ಸರ್ಚ್ ತಾಣದ ರೂಢಿ. ಅದು 'ಸೊಂಟ' ಎಂದು ಸೇರಿಸಿತು. ಪಕ್ಕದಲ್ಲೇ ಇಂಗ್ಲಿಷ್ ಅಕ್ಷರಗಳಲ್ಲಿ 'ಗುಬ್ಬಕ್ಕ' ಎಂದಿತ್ತು.

ಓದಿ ಹೇಳಿದಾಗ ಆಕೆಯ ಮುಖ ಬಿಳಿಚಿತು. "ಮಗೀನ ಅಂಗೆ ಕರೀತಿದ್ದುದು ನಮ್ಮತ್ತೆ ಒಬ್ರೇ. ತಾವು ಅಗಿಯೋ ಎಲೆಯಡಿಕೇಲಿ ಅದ್ರ ಬಾಯ್ಗೂ ಒಂಚೂರು ಇಕ್ಕೋರು. ಅವ್ರು ತೀರೋಗಿ ವರ್ಸ ಆಯ್ತು."

ಆ ಹೆಸರನ್ನು ಅಳಿಸಿದೆ. ಮತ್ತೆ ಬಂತು. ಒಳಗೆಲ್ಲ ಎಲೆಯಡಿಕೆಯ ವಾಸನೆ.

ಸೊಂಟವನ್ನೂ ತೋರಿಸಿ ಎಂದು ಹೇಳಿ ಕಳಿಸಿದೆ. ಸೇಲಂನಲ್ಲಿ ಎಕ್ಸ್‌ರೇ ತೆಗೆದಾಗ ಕೆಟ್ಟಿದ್ದು ಸೊಂಟದ ಕೀಲೇ. ಮಗು ಗುಣವಾಯಿತು.

ಆಮೇಲೊಮ್ಮೆ ಅದನ್ನು ಕರೆತಂದರು. ಮಗು ನೇರ ಬಂದು, ಕಂಪ್ಯೂಟರಿನ ಮುಂದಿನ ಖಾಲಿ ಕುರ್ಚಿಗೆ ಒರಗಿ ನಿಂತು ಬಾಯಿ ತೆರೆಯಿತು. ಸ್ವಲ್ಪ ಹೊತ್ತಿಗೆ ಏನನ್ನೋ ಅಗಿಯತೊಡಗಿತು.