ಮೊದಲ ಪ್ರಯಾಣ ನನ್ನ ಲೆಕ್ಕ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಟೈಲರಮ್ಮ ಠಾಣೆಯ ಮೆಟ್ಟಿಲು ಹತ್ತಿದಾಗ ಆಕೆಯ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅದನ್ನು ತೆಗೆದಿಡುವುದನ್ನೂ ಮರೆತು ಅಂಗಡಿಯಿಂದ ಎದ್ದು ಬಂದಿದ್ದಳು. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. ಆಕೆ ಕೂರಲಿಲ್ಲ. ತನ್ನ ಫೋನನ್ನು, ಸತ್ತ ಇಲಿಯನ್ನು ಇಡುವ ಹಾಗೆ, ಮೇಜಿನ ಮೇಲಿಟ್ಟಳು.

"ಇದರೊಳಗೆ ಯಾರೋ ಹೊಕ್ಕಿದ್ದಾರೆ ಸಾಹೇಬ್ರೆ. ನನ್ನ ಹೆಸರಲ್ಲಿ ಡಂಗುರ ಹೊಡೆದಿದ್ದಾರೆ."

ಫೋನನ್ನು ಎತ್ತಿಕೊಂಡವಳು ಮಹಿಳಾ ಕಾನ್‌ಸ್ಟೇಬಲ್. ಬಾಯಿ ಸುಮ್ಮನಿರದ ಕಾರಣ ಠಾಣೆಯಲ್ಲಿ ಅವಳಿಗೆ ಪಟಾಕಿ ಎಂದೇ ಹೆಸರು. ಅವಳು ಗಟ್ಟಿಯಾಗಿ ಓದಿದಳು: "'ಒಂಟಿಯಾಗಿ ಯಾಕೆ ಓಡಾಡ್ತೀಯ? ಜೊತೆಗೆ ಬಾ. ಮೊದಲ ಪ್ರಯಾಣ ನನ್ನ ಲೆಕ್ಕ.' ಕೆಳಗೊಂದು ಕೋಡ್ ಇದೆ. ಬಾಡಿಗೆ ಕಾರಿನ ಆಪ್ ಸರ್ ಇದು. ಗೆಳೆಯರಿಗೆ ಕೋಡ್ ಕಳಿಸೋದು, ಅವರು ಸೇರ್ಕೊಂಡ್ರೆ ಅವರಿಗೂ, ಕೋಡ್ ಯಾರದೋ ಅವರಿಗೂ ಒಂದೊಂದು ಸವಾರಿ ಬಿಟ್ಟಿ."

"ನಾನು ಕಳಿಸಿಲ್ಲ. ಗಿರಾಕಿಗಳು ಬಂದು, ಏನ್ ಟೈಲರಮ್ಮ, ಹೊಲಿಗೆ ಬಿಟ್ಟು ಕಾರ್ ಓಡಿಸೋಕೆ ನಿಂತ್ರಾ ಅಂತ ನಗ್ತಾರೆ."

"ಯಾರ್‍ಯಾರಿಗೆ ಹೋಗಿದೆ?"

"ಫೋನಲ್ಲಿದ್ದೋರಿಗೆಲ್ಲ." ಆಕೆಯ ದನಿ ಇಳಿಯಿತು. "ನನ್ನ ತಂಗಿಗೂ."

"ಅದರಲ್ಲೇನು?"

"ನಮಗೆ ಮಾತಿಲ್ಲ. ಅಮ್ಮ ಹೋದಾಗ ಅಮ್ಮನ ಹೊಲಿಗೆ ಮಿಷನ್ ನಾನು ಎತ್ಕೊಂಡು ಬಂದೆ. ಅವಳು ಬಾಗಿಲು ಹಾಕ್ಕೊಂಡ್ಲು. ಅಕ್ಕ ಕೊನೆಗೂ ತಲೆ ಬಗ್ಗಿಸಿ ಬಂದ್ಲು ಅಂತ ಈಗ ಅವಳು ಅಂದ್ಕೊಂಡಿರ್ತಾಳೆ. ಕಳಿಸಿದೋನನ್ನ ಹಿಡೀರಿ, ಅಷ್ಟೇ."

ಒಪ್ಪಿಗೆಯಿಲ್ಲದೆ ಅನ್ಯರ ಫೋನ್ ಬಳಸಿದ್ದು, ಅವರ ಹೆಸರಿನಲ್ಲಿ ಸಂದೇಶ ಕಳಿಸಿದ್ದು ಎಂದು ಎಫ್‌ಐಆರ್ ದಾಖಲಾಯಿತು. ಎದುರಿನ ಬೀಗ ರಿಪೇರಿಯವನನ್ನೂ ಜೆರಾಕ್ಸ್ ಅಂಗಡಿಯವನನ್ನೂ ಪಂಚರನ್ನಾಗಿ ಕರೆಸಿ, ಪಂಚನಾಮೆ ಬರೆದು ಫೋನನ್ನು ವಶಕ್ಕೆ ಪಡೆದರು. ಕೋಡ್ ಯಾರದೆಂದು ತಿಳಿಸಬೇಕೆಂದು ಕಂಪನಿಗೆ ಪತ್ರ ಹೋಯಿತು. ಮರುದಿನ ಇದೇ ದೂರು ಹೊತ್ತು ಇನ್ನಿಬ್ಬರು ಬಂದರು: ಒಬ್ಬ ಹಣ್ಣಿನ ವ್ಯಾಪಾರಿ, ಒಬ್ಬರು ನಿವೃತ್ತ ಅಂಚೆಯವರು. ಕೋಡ್ ಮೂರರಲ್ಲೂ ಒಂದೇ. ಆದರೆ ಮೂವರಲ್ಲಿ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಒಂದೇ ಅಂಗಡಿಯಲ್ಲಿ ಫೋನ್ ಕೊಂಡವರಲ್ಲ, ರಿಪೇರಿಗೆ ಕೊಟ್ಟವರೂ ಅಲ್ಲ.

ಬುಧವಾರ ಬೆಳಿಗ್ಗೆ ಪಟಾಕಿ ಸಂದೇಶಗಳನ್ನು ಬರೆದುಕೊಳ್ಳುತ್ತಿದ್ದಾಗ ಟೈಲರಮ್ಮನ ಫೋನ್ ಸಣ್ಣಗೆ ಸದ್ದು ಮಾಡಿತು. ನೋಡಿದವಳು ಅದನ್ನು ಇನ್‌ಸ್ಪೆಕ್ಟರ್ ಕಡೆ ತಿರುಗಿಸಿದಳು. ತಂಗಿಯ ಉತ್ತರ.

'ಎಲ್ಲಿಗೆ ಹೋಗೋಣ ಅಕ್ಕ?'

ಇನ್‌ಸ್ಪೆಕ್ಟರ್ ಆ ಸಾಲನ್ನು ಬಹಳ ಹೊತ್ತು ನೋಡಿದರು. ಬೇರೆಯವರ ಮನೆಯ ಬಾಗಿಲು ಗೊತ್ತಿಲ್ಲದೆ ತೆರೆದುಬಿಟ್ಟವರಂತೆ ಅವರಿಗೆ ಸಂಕೋಚವಾಯಿತು.

"ಆಕೆಯನ್ನ ಕರೆಸು," ಎಂದರು.

ಟೈಲರಮ್ಮ ಬಂದಳು. ಕೈ ಚಾಚಿ ಫೋನನ್ನು ದೂರ ಹಿಡಿದು ಓದಿದಳು. ಈ ಸಲ ಕುರ್ಚಿ ಎಳೆದುಕೊಂಡು ಕೂತಳು.

"ದೂರು ವಾಪಸ್ ತಗೊಳ್ಳೋಕಾಗುತ್ತಾ?"

"ಎಫ್‌ಐಆರ್ ಆಗಿದೆಯಮ್ಮ. ಇನ್ನು ಅದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ."

"ತಂಗಿಯನ್ನ ಕೇಳ್ತೀರಾ?"

"ಸಂದೇಶ ಸಿಕ್ಕವರ ಹೇಳಿಕೆ ತಗೋತೀವಿ."

"ಅದು ಅಕ್ಕ ಕಳಿಸಿದ್ದಲ್ಲ ಅಂತ ಅವಳಿಗೆ ಹೇಳ್ತೀರಾ ಹಾಗಾದ್ರೆ." ಆಕೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಉಳಿದಿದ್ದೆಲ್ಲ ಅವನು ಕಳಿಸಿದ್ದು ಸಾಹೇಬ್ರೆ. ಈ ಒಂದು ಮಾತ್ರ ನಾನು ಕಳಿಸಿದ್ದು ಅಂತ ಬರ್ಕೊಳ್ಳಿ."

ಪಟಾಕಿಯ ಪೆನ್ನು ನಿಂತಿತು.

"ಸುಳ್ಳು ಬರೆಯೋಕಾಗಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್. ಆಮೇಲೆ ಮೆಲ್ಲಗೆ ಕೇಳಿದರು: "ಸಂದೇಶ ಹೋಗಿದ್ದು ಶುಕ್ರವಾರ ಹನ್ನೊಂದು ಗಂಟೆಗೆ. ಆಗ ಏನು ಹೊಲೀತಿದ್ರಿ?"

"ಆವತ್ತು ಎಲ್ಲಿಯ ಹೊಲಿಗೆ! ಸೂಜಿ ಕಣ್ಣಿರಲಿ, ಎದುರಿಗೆ ನಿಂತೋರ ಮುಖ ಕಾಣ್ತಿರಲಿಲ್ಲ. ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿ ಕೂರಿಸಿದ್ರಲ್ಲ."

"ಫೋನ್?"

"ಮನೆಗೆ ಹಚ್ಚಿಕೊಡಪ್ಪ ಅಂತ ಡ್ರಾಪ್ಸ್ ಹಾಕೋ ಹುಡುಗನ ಕೈಗೆ ಕೊಟ್ಟೆ. ಪಾಪ, ಹಚ್ಚಿಕೊಟ್ಟ."

ಇನ್‌ಸ್ಪೆಕ್ಟರ್ ಪಟಾಕಿಯತ್ತ ನೋಡಿದರು. ಅವಳು ಆಗಲೇ ಹಣ್ಣಿನ ವ್ಯಾಪಾರಿಗೆ ಫೋನ್ ಹಚ್ಚಿದ್ದಳು. ಅವನೂ ಕಣ್ಣು ತೋರಿಸಿಕೊಂಡಿದ್ದ. ಅಂಚೆಯವರೂ.

ಟೈಲರಮ್ಮ ಫೋನಿನತ್ತ ಕೈ ಚಾಚಿದಳು. "ಒಂದು ಉತ್ತರ ಹಾಕಿಬಿಡ್ಲಾ?"

"ಇದು ಈಗ ಮುದ್ದೆಮಾಲು, ಕೇಸಿನ ಸಾಕ್ಷಿ. ಮುಟ್ಟೋ ಹಾಗಿಲ್ಲ. ತಂಗಿ ಮನೆ ಎಷ್ಟು ದೂರ?"

"ಎರಡು ಬಸ್ ಹತ್ತಬೇಕು."

"ಸಂದೇಶ ಹೋಗಿರೋದು ಎಷ್ಟೋ ಜನಕ್ಕೆ. ಎಲ್ಲರ ಹೇಳಿಕೆ ಬರ್ಕೊಳ್ಳೋಕೆ ಈ ಹುಡುಗಿಗೆ ಕೈ ಸೋತುಹೋಗುತ್ತೆ. ನಿಮ್ಮ ತಂಗಿಗೆ ಹೇಳೋದಿದ್ರೆ ನೀವೇ ಹೋಗಿ ಹೇಳಿ."

ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾದಾ ಉಡುಪಿನಲ್ಲಿ ಕಣ್ಣಾಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತರು. ಗೋಡೆಗೆ ತಲೆಯಾನಿಸಿ, ಕಣ್ಣು ಮುಚ್ಚಿ ಸಾಲಾಗಿ ಕೂತವರ ಮುಂದೆ ಮೂವತ್ತು ದಾಟಿದ ಒಬ್ಬ ಸಹಾಯಕ ಸಣ್ಣ ಬಾಟಲಿ ಹಿಡಿದು ಬರುತ್ತಿದ್ದ. "ಮೇಲೆ ನೋಡಿ ಅಜ್ಜಿ. ಉರಿಯುತ್ತೆ, ಒಂದೇ ಕ್ಷಣ. ಆಯ್ತು, ಆಯ್ತು." ಅಜ್ಜಿಯೊಬ್ಬಳು, "ತಮ್ಮಾ, ನನ್ನ ಮಗನಿಗೆ ಹಚ್ಚು," ಎನ್ನುತ್ತಾ ಫೋನನ್ನು ಅವನಿಲ್ಲದ ಕಡೆಗೆ ಚಾಚಿದಳು. ಅವನು ಈ ಕಡೆಯಿಂದ ಬಂದು ತಗೊಂಡ. ಒಂದು ಕರೆ ಹಚ್ಚುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅವನ ಹೆಬ್ಬೆರಳು ಓಡಾಡಿತು. ಆಮೇಲೆ ಫೋನನ್ನು ಅಜ್ಜಿಯ ಕಿವಿಗೆ ತಾನೇ ಹಿಡಿದು ನಿಂತ.

ನಾಲ್ಕು ಗಂಟೆಗೆ ಕಂಪನಿಯ ಉತ್ತರ ಬಂತು. ಕೋಡ್ ಇದ್ದದ್ದು ಎಪ್ಪತ್ತು ದಾಟಿದ ಒಬ್ಬರ ಹೆಸರಿನಲ್ಲಿ. ವಿಚಾರಿಸಿದರೆ, ಆ ಸಹಾಯಕನ ತಂದೆ. ದಿನಾ ಸಂಜೆ ಆರಕ್ಕೆ ಒಂದು ಬಿಟ್ಟಿ ಸವಾರಿ.

"ಎಲ್ಲಿಂದ ಎಲ್ಲಿಗೆ?"

"ಅದೇ ತಲೆ ಕೆಡಿಸ್ತಿದೆ ಸರ್. ಹೊರಟ ಓಣಿಗೇ ವಾಪಸ್. ದಿನಾ. ಏನಾದ್ರೂ ಸಾಗಿಸ್ತಿದ್ದಾನಾ?"

ಸಂಜೆ ಜೀಪು ಆ ಓಣಿಯ ಕಡೆ ಹೊರಟಿತು. ದಾರಿಯಲ್ಲಿ ಟೈಲರಮ್ಮನ ಅಂಗಡಿಗೆ ಶಟರ್ ಎಳೆದಿತ್ತು. "ವಾರದ ನಡುವೆ ಅಂಗಡಿಗೆ ಬಾಗಿಲು!" ಎಂದಳು ಪಟಾಕಿ. ಇನ್‌ಸ್ಪೆಕ್ಟರ್ ಕಿಟಕಿಯಾಚೆ ನೋಡುತ್ತಾ ಕೂತರು.

ಆರಕ್ಕೆ ಕಾರು ಬಂತು. ಸಹಾಯಕ ಮುದುಕರೊಬ್ಬರ ಕೈ ಹಿಡಿದು ತಂದು ಚಾಲಕನ ಪಕ್ಕ ಕೂರಿಸಿ, ತಾನು ಹಿಂದೆ ಕೂತ. ಜೀಪು ದೂರದಿಂದ ಹಿಂಬಾಲಿಸಿತು. ಕಾರು ದೊಡ್ಡ ರಸ್ತೆ ಹಿಡಿದು, ಹಳೆಯ ಸೇತುವೆ ದಾಟಿ, ಬಸ್ ನಿಲ್ದಾಣ ಸುತ್ತಿ ಮರಳಿತು. ಎಲ್ಲೂ ನಿಲ್ಲಲಿಲ್ಲ, ಯಾರೂ ಏನೂ ಕೊಡಲಿಲ್ಲ. ಓಣಿಯ ಬಾಯಲ್ಲಿ ಇನ್‌ಸ್ಪೆಕ್ಟರ್ ಚಾಲಕನನ್ನು ಪಕ್ಕಕ್ಕೆ ಕರೆದರು.

"ಒಳಗೆ ಏನು ನಡೆಯುತ್ತೆ?"

"ಡ್ರೈವಿಂಗ್ ಕ್ಲಾಸ್ ಸರ್!" ಅವನು ನಕ್ಕ. "ಯಜಮಾನರಿಗೆ ಕಣ್ಣಿಲ್ಲ. ಆದ್ರೂ ಇಲ್ಲಿ ಗೇರ್ ಇಳಿಸು, ಇಲ್ಲಿ ಹಾರ್ನ್ ಹೊಡಿ ಅಂತ ನನ್ನನ್ನ ರುಬ್ಬುತ್ತಾರೆ. ಹಿಂದೆ ಕೂತ ಮಗನ ಜೊತೆ ಮಾತ್ರ ತುಟಿ ಬಿಚ್ಚಲ್ಲ."

ಸಹಾಯಕ ಓಡಲಿಲ್ಲ. ತಂದೆಯನ್ನು ಜಗಲಿಯ ಮೇಲೆ ಕೂರಿಸಿ ಬಂದು ನಿಂತ.

"ಕೋಡ್ ಕಳಿಸಿದ್ದು ನೀನಾ?"

"ಹೌದು ಸರ್."

"ಯಾಕೆ?"

"ಅಪ್ಪ ಬಸ್ ಡ್ರೈವರ್ ಆಗಿದ್ರು. ಕಣ್ಣು ಮಂಜಾದ್ರೂ ಮುಚ್ಚಿಟ್ಟು ಓಡಿಸ್ತಿದ್ರು. ಕಣ್ಣಾಸ್ಪತ್ರೆಯವನು ನಾನು, ನನಗೆ ಗೊತ್ತಾಗದೆ ಇರುತ್ತಾ? ಡಿಪೋಗೆ ಹೋಗಿ ನಾನೇ ಹೇಳ್ದೆ. ಸ್ಟಿಯರಿಂಗ್ ಬಿಡಿಸಿದ್ರು. ಅವತ್ತಿಂದ ನನ್ನ ಹತ್ರ ಮಾತಿಲ್ಲ ಸರ್. ಮನೇಲಿ ಗೋಡೆ ಥರ ಕೂತಿರ್ತಾರೆ. ಒಂದ್ಸಲ ಕಾರಲ್ಲಿ ಕರ್ಕೊಂಡು ಬಂದೆ. ಡ್ರೈವರ್ ಹತ್ರ ಮಾತಾಡಿದ್ರು. ನಾನು ಹಿಂದೆ ಕೂತು ಕೇಳಿಸ್ಕೊಂಡೆ."

"ಕೋಡ್ ನಿನ್ನ ಗೆಳೆಯರಿಗೆ ಕಳಿಸಬೇಕಿತ್ತು."

"ಕಳಿಸ್ದೆ. ನನಗಿರೋರೇ ನಾಲ್ಕು ಜನ. ನಾಲ್ಕು ಸವಾರಿಗೆ ಮುಗೀತು."

ಪಟಾಕಿ ಬಂಧನದ ಮೆಮೊ ಬರೆದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮುದುಕರನ್ನು ಒಬ್ಬರೇ ಬಿಡುವ ಹಾಗಿರಲಿಲ್ಲ. ಇನ್‌ಸ್ಪೆಕ್ಟರ್ ತಮ್ಮ ಮುಂದಿನ ಸೀಟನ್ನು ಅವರಿಗೆ ಬಿಟ್ಟು, ಸಹಾಯಕನ ಪಕ್ಕ ಹಿಂದೆ ಕೂತರು.

ಮುದುಕರು ಎದುರಿನ ಡ್ಯಾಶ್‌ಬೋರ್ಡಿನ ಕಬ್ಬಿಣದ ಮೇಲೆ ಅಂಗೈಯಿಟ್ಟರು. ಜೀಪು ಹೊರಟಿತು.

"ಇದು ಆ ಕಾರಲ್ಲ," ಎಂದರು. ಒಂದು ತಿರುವು ಕಳೆದ ಮೇಲೆ, "ಪೊಲೀಸ್ ಜೀಪು."

ಮುದುಕರು ನಿಧಾನವಾಗಿ ಹಿಂದಕ್ಕೆ ತಿರುಗಿದರು. ಕಾಣದ ಕಣ್ಣು ಮೊದಲು ಇನ್‌ಸ್ಪೆಕ್ಟರ್ ಕಡೆ ಹೋಗಿ, ಆಮೇಲೆ ಉಸಿರಿನ ಸದ್ದು ಹಿಡಿದು ಸರಿಯಾದ ಕಡೆಗೆ ಬಂತು.

"ಏನೋ ಮಾಡ್ಕೊಂಡೆ ಮಗನೇ?"

ಸಹಾಯಕನ ಭುಜ ಒಮ್ಮೆ ಅಲುಗಿದ್ದು ಇನ್‌ಸ್ಪೆಕ್ಟರ್ ಭುಜಕ್ಕೆ ತಾಕಿತು.

"ಹೇಳ್ತೀನಪ್ಪ," ಎಂದ ಅವನು. "ಮೊದಲಿಂದ ಹೇಳ್ತೀನಿ."

ಮುಂದೆ ಎಡಕ್ಕೆ ತಿರುಗಿದರೆ ಠಾಣೆ. ಜೀಪಿನ ಚಾಲಕ ಕನ್ನಡಿಯಲ್ಲಿ ನೋಡಿದ.

"ಸೇತುವೆ ಕಡೆಯಿಂದ ಹೋಗು," ಎಂದರು ಇನ್‌ಸ್ಪೆಕ್ಟರ್.

ಬಂಧನದ ವೇಳೆ ಸಂಜೆ ಆರೂ ಐವತ್ತು. ಠಾಣೆ ತಲುಪಿದ್ದು ಎಂಟಕ್ಕೆ. ನಡುವಿನ ಹೊತ್ತಿಗೆ ಪಟಾಕಿ ಕೇಸ್ ಡೈರಿಯಲ್ಲಿ 'ದಾರಿಯಲ್ಲಿ ಆರೋಪಿಯ ವಿಚಾರಣೆ ನಡೆಯಿತು' ಎಂದು ಬರೆದಳು. ನಡೆಸಿದವರು ಯಾರೆಂದು ಬರೆಯಲಿಲ್ಲ. ಇನ್‌ಸ್ಪೆಕ್ಟರ್ ಓದಿ, ಹಾಗೇ ಸಹಿ ಹಾಕಿದರು.